ಹನ್ನೆರಡನೆಯ ದಬ್ಬಳ

ದಿಂಬಣ್ಣ ಹೊಲಿದ ದಿಂಬಿನ ಮೇಲೆ ಆನೆ ಮಲಗಿದರೂ ದಿಂಬು ಅಪ್ಪಚ್ಚಿಯಾಗುವುದಿಲ್ಲ, ಆನೆಯೇ ಏಳಲು ಒಪ್ಪುವುದಿಲ್ಲ ಎಂದು ಪೇಟೆಯವರು ಹೇಳುತ್ತಿದ್ದರು. ಆನೆಯನ್ನು ಕರೆತಂದು ಯಾರೂ ನೋಡಿರಲಿಲ್ಲ, ಅಷ್ಟೆ. ನಲವತ್ತು ವರ್ಷ ಹಾಸಿಗೆ ದಿಂಬು ಹೊಲಿದ ಮನುಷ್ಯ. ಅವನ ಮೂಗಿನೊಳಗೆ ಸೇರಿದ್ದ ಹತ್ತಿಯನ್ನು ಹೊರಗೆ ತೆಗೆದರೆ ಒಂದು ತಲೆದಿಂಬಿಗೆ ಸಾಲುತ್ತಿತ್ತು. ಈಚೆಗೆ ಯೋಗದ ಸ್ಟುಡಿಯೋಗಳು ಹೆಚ್ಚಾಗಿ, ಬೆನ್ನಿನ ಕೆಳಗೆ ಇಟ್ಟುಕೊಳ್ಳುವ ಉದ್ದನೆಯ ಉರುಟು ದಿಂಬುಗಳಿಗಾಗಿ ದೂರದೂರದಿಂದ ಅವನನ್ನೇ ಕೇಳಿಕೊಂಡು ಬರುತ್ತಿದ್ದರು.

ಅವನ ಬಳಿ ಹನ್ನೆರಡು ದಬ್ಬಳಗಳಿದ್ದವು. ಬೆರಳುದ್ದದ ದಪ್ಪ ಸೂಜಿಗಳು. ಅಂಗಡಿ ಮುಚ್ಚುವ ಮುಂಚೆ ತಗಡಿನ ಡಬ್ಬಿ ತೆರೆದು ಅವುಗಳನ್ನು ಎಣಿಸದೆ ಅವನು ಒಂದು ದಿನವೂ ಮನೆಗೆ ಹೋದವನಲ್ಲ. "ಮಕ್ಕಳನ್ನ ಹೀಗೆ ಎಣಿಸಿದ್ದಿದ್ರೆ ದೊಡ್ಡವಳು ಪರೀಕ್ಷೆ ಬಿಟ್ಟು ಸಿನಿಮಾಗೆ ಹೋಗಿದ್ದು ನಿಮಗೆ ಅವತ್ತೇ ಗೊತ್ತಾಗ್ತಿತ್ತು" ಎಂದು ಹೆಂಡತಿ ಚುಚ್ಚುತ್ತಿದ್ದಳು.

ಐದು ಸ್ಟುಡಿಯೋಗಳಿಗೆ ತಲಾ ಎಂಟರಂತೆ ನಲವತ್ತು ದಿಂಬುಗಳ ಹೊಲಿಗೆ ಮುಗಿಯುತ್ತಿದ್ದ ದಿನ ಫೋನು ಬಂತು. ದಾರದ ಗಂಟು ಬಿಗಿಯುವಾಗ ದಬ್ಬಳವನ್ನು ದಿಂಬಿನ ಹೊಟ್ಟೆಗೇ ಚುಚ್ಚಿಟ್ಟುಕೊಳ್ಳುವುದು ಅವನ ರೂಢಿ. ಹಾಗೆ ಚುಚ್ಚಿ, ಗಂಟು ಹಾಕಿ ಫೋನ್ ಎತ್ತಿದರೆ ಅತ್ತ ಕಡೆ, ಎಲ್ಲರೂ ಸ್ಪೀಕರ್ ಎಂದು ಕರೆಯುವವನು. ಓದುವ ಕಾಲದ ಗೆಳೆಯ. ಧ್ವನಿವರ್ಧಕ ರಿಪೇರಿ ಮಾಡಿ ಬದುಕಿದವನು. ಸ್ವಂತ ಗಂಟಲಿಗೆ ಮಾತ್ರ ಧ್ವನಿವರ್ಧಕ ಬೇಕಿರಲಿಲ್ಲ.

"ಲೋ ದಿಂಬ, ಇದೀಯೇನೋ?"

"ಇನ್ನೂ ಯಾರೂ ಹೋಗು ಅಂದಿಲ್ಲ ಕಣೋ."

"ವ್ಯಾನ್ ರೆಡಿ ಮಾಡ್ಸಿದೀನಿ. ಮಂಡಿ ಪೂರ್ತಿ ಕೈ ಕೊಡೋದ್ರೊಳಗೆ ಇಬ್ರೂ ಎಲ್ಲಾದ್ರೂ ಸುತ್ಕೊಂಡು ಬರೋಣ. ಬರ್ತೀಯೋ, ಇಲ್ಲ ಹೆಂಡತೀನ ಕೇಳ್ಬೇಕೋ?"

ದಿಂಬಣ್ಣ ಗಹಗಹಿಸಿ ನಕ್ಕ. ನಗುವಾಗ ಎದುರಿಗಿದ್ದದ್ದನ್ನು ಬಡಿಯುವುದು ಅವನ ಇನ್ನೊಂದು ರೂಢಿ. ಎದುರಿಗಿದ್ದದ್ದು ದಿಂಬು.

ಮಧ್ಯಾಹ್ನ ಲಾರಿ ಬಂದು ನಲವತ್ತನ್ನೂ ಹೊತ್ತೊಯ್ದಿತು. ಸಂಜೆ ಡಬ್ಬಿಯಲ್ಲಿ ಹನ್ನೊಂದೇ ಇದ್ದವು. ಮೂರು ಸಲ ಎಣಿಸಿದ, ಕನ್ನಡಕ ಒರೆಸಿ ಎಣಿಸಿದ, ಅಂಗಡಿಯ ಹತ್ತಿಯನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿದ. ಹನ್ನೊಂದು ಹನ್ನೊಂದೇ.

ಸ್ಟುಡಿಯೋಗಳಿಗೆ ಫೋನ್ ಮಾಡಿ ನಿಜ ಹೇಳಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ದಿಂಬಣ್ಣನ ದಿಂಬಿನಲ್ಲಿ ಸೂಜಿ ಎಂಬ ಮಾತು ಒಮ್ಮೆ ಹೊರಬಿದ್ದರೆ ನಲವತ್ತು ವರ್ಷದ ಹೆಸರು ಎಲ್ಲಿಗೆ ಹೋಗಬೇಕು? ಗೆಳೆಯನಿಗಾದರೂ ಹೇಳೋಣವೆಂದರೆ, ನಿನ್ನ ಫೋನಿನಿಂದಲೇ ಹೀಗಾಯಿತು ಎಂದು ದೂರಿದಂತಾಗುತ್ತದೆ. ಹಾಗಾಗಿ ಅವನಿಗೆ ಹೇಳಿದ್ದು ಇಷ್ಟು: "ಹೊರಡೋಣ ಕಣೋ. ಯೋಗದ ಸ್ಟುಡಿಯೋಗಳನ್ನ ನೋಡ್ಕೊಂಡು ಬರೋಣ. ಈ ವಯಸ್ಸಿಗೆ ಬೆನ್ನಿಗೆ ಒಳ್ಳೇದು."

"ನಿನಗೆ ನನ್ನ ಬೆನ್ನಿನ ಚಿಂತೆ ಯಾವಾಗಿಂದ ಬಂತೋ?" ಎಂದು ಕೇಳಿದ ಸ್ಪೀಕರ್, ಮಾರನೆಯ ಬೆಳಿಗ್ಗೆ ಹೊಸ ಅಂಗಿ ತೊಟ್ಟು ವ್ಯಾನ್ ತಂದು ನಿಲ್ಲಿಸಿದ. ಆ ಹೊಸ ಅಂಗಿಯನ್ನು ನೇರವಾಗಿ ನೋಡಲಾರದೆ ದಿಂಬಣ್ಣ ವ್ಯಾನು ಹತ್ತಿದ.

ಮೊದಲನೆಯ ಸ್ಟುಡಿಯೋ ಒಂದು ಔಷಧಿ ಅಂಗಡಿಯ ಮೇಲಿತ್ತು. ಮರದ ನೆಲ, ಗೋಡೆಯುದ್ದಕ್ಕೂ ಕನ್ನಡಿ, ಬಾಗಿಲ ಬಳಿ ಸಾಲಾಗಿ ಚಪ್ಪಲಿ. ತನ್ನ ಕೆಲಸ ಹೇಗಿದೆಯೆಂದು ನೋಡುವ ನೆಪದಲ್ಲಿ ದಿಂಬಣ್ಣ ಒಂದೊಂದೇ ದಿಂಬನ್ನು ತಬ್ಬಿ, ಹಿಂಡಿ, ಇಂಚಿಂಚೂ ಒತ್ತಿ ನೋಡಿದ. ಏಳು ಮುಗಿದವು. ಎಂಟನೆಯದಕ್ಕೆ ಬೆನ್ನು ಕೊಟ್ಟು, ಕಿಟಕಿಯ ಪಕ್ಕ, ದಿನ ತುಂಬುತ್ತಿದ್ದ ಬಸುರಿಯೊಬ್ಬಳು ಕಣ್ಣು ಮುಚ್ಚಿ ಮಲಗಿದ್ದಳು. ಅವನು ಹತ್ತಿರ ಹೋಗಿ ನಿಂತ. ಅವಳು ಕಣ್ಣು ಬಿಟ್ಟು ನಕ್ಕಳು.

"ಏನ್ ಅಂಕಲ್, ಜಾಗ ಬೇಕಿತ್ತಾ?"

"ಇಲ್ಲಮ್ಮ. ಮಲಕ್ಕೊಳ್ಳಿ, ಮಲಕ್ಕೊಳ್ಳಿ."

ಅಷ್ಟು ಹೇಳಿ ಮೆಟ್ಟಿಲಿಳಿದುಬಿಟ್ಟ. ನಲವತ್ತರಲ್ಲಿ ಒಂದು, ಅದೇ ಯಾಕಾಗಬೇಕು ಎಂದು ತನಗೆ ತಾನೇ ಹೇಳಿಕೊಂಡ. ಉಳಿದ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಲೇ ಇದ್ದ.

ಎರಡನೆಯ ದಿನ ಎರಡು ಸ್ಟುಡಿಯೋ, ಮೂರನೆಯ ದಿನ ಮತ್ತೆರಡು. ದಿಂಬಣ್ಣ ಹಿಂಡುತ್ತಿದ್ದ, ಸ್ಪೀಕರ್ ಯೋಗ ಮಾಡುತ್ತಿದ್ದ. ಅವನು ವಜ್ರಾಸನಕ್ಕೆ ಕೂತರೆ ಪಕ್ಕದ ಬೀದಿಯವರು ಕಿಟಕಿ ತೆರೆದು ಏನು ಬಿತ್ತೆಂದು ನೋಡುತ್ತಿದ್ದರು.

"ಯಾರದ್ದು ಮೊಬೈಲು? ಆಫ್ ಮಾಡಿ" ಎಂದರು ಒಂದು ಕಡೆ ಕಲಿಸುವ ಮೇಡಂ.

"ಮೊಬೈಲಲ್ಲ ಮೇಡಂ, ನನ್ನ ಮಂಡಿ. ಆಫ್ ಮಾಡೋ ಸ್ವಿಚ್ ಕೊಟ್ಟಿಲ್ಲ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ದಿಂಬಣ್ಣ ನಗಲಿಲ್ಲ. ಐದನೆಯ ಸ್ಟುಡಿಯೋದ ಕೊನೆಯ ದಿಂಬನ್ನೂ ಒತ್ತಿ ಕೆಳಗಿಟ್ಟ. ಮೂವತ್ತೊಂಬತ್ತರಲ್ಲಿ ಇಲ್ಲ. ಇನ್ನುಳಿದದ್ದು ಕಿಟಕಿಯ ಪಕ್ಕದ್ದು.

ಶವಾಸನದಿಂದ ಎದ್ದು ಬಂದ ಸ್ಪೀಕರ್ ವ್ಯಾನಿಗೆ ಒರಗಿ ನಿಂತು, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದ: "ದಿಂಬ, ನನ್ನವಳು ಹೋದ ಮೇಲೆ ನನ್ನನ್ನ ಯಾರೂ ಹೀಗೆ ಕರ್ಕೊಂಡು ಓಡಾಡಿಲ್ಲ ಕಣೋ. ಬೆನ್ನು ಅಂತ ನೆಪ ಹೇಳ್ದೆ, ನನಗೆ ಗೊತ್ತಾಗಲ್ವಾ?"

ಆ ಮಾತನ್ನು ಕೇಳುವುದಕ್ಕಿಂತ ದಬ್ಬಳದ ಮೇಲೆ ತಾನೇ ಮಲಗಬಹುದಿತ್ತು. ದಿಂಬಣ್ಣ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಸೂಜಿ, ಫೋನು, ನಗು, ಬಸುರಿ ಹೆಂಗಸು.

ಸ್ಪೀಕರ್ ವ್ಯಾನಿನ ಬಾಗಿಲು ತೆರೆದು, ದಿಂಬಣ್ಣ ಮೂರು ದಿನ ಕೂತಿದ್ದ ಸೀಟಿನ ಕೆಳಗಿಂದ ತಟ್ಟೆಯಗಲದ ಕಪ್ಪು ಅಯಸ್ಕಾಂತವೊಂದನ್ನು ಎಳೆದ.

"ದೊಡ್ಡ ಸ್ಪೀಕರಿನದ್ದು. ದಿಂಬಿನ ಮೇಲೆ ಆಡಿಸಿದ್ರೆ ಸೂಜಿ ತಾನಾಗೇ ಎದ್ದು ಬರ್ತಿತ್ತು. ದಿಂಬು ಬಿಚ್ಚೋದೂ ಬೇಕಿರ್ಲಿಲ್ಲ, ಆ ಹೆಂಗಸನ್ನ ಒಂದ್ನಿಮಿಷ ಏಳಿ ಅಂದಿದ್ರೆ ಸಾಕಿತ್ತು. ಇದರ ಮೇಲೇ ಕೂತಿದ್ಯಲ್ಲೋ!"

"ತಪ್ಪಾಯ್ತು ಕಣೋ."

"ನನ್ನ ಹತ್ರ ಯಾಕೋ ಹೇಳ್ತೀಯ? ವ್ಯಾನ್ ಹತ್ತು."

ಮಾರನೆಯ ಬೆಳಿಗ್ಗೆ ವ್ಯಾನು ಔಷಧಿ ಅಂಗಡಿಯ ಮುಂದೆ ನಿಂತಿತು. ದಾರಿಯಲ್ಲಿ ಇಬ್ಬರೂ ಆಡಿದ ಮಾತು ಒಂದು ಅಂಚೆ ಚೀಟಿಯ ಹಿಂದೆ ಬರೆಯಬಹುದಾದಷ್ಟು. ಮೇಲೆ ಕ್ಲಾಸು ನಡೆದಿತ್ತು. ಕಿಟಕಿಯ ಪಕ್ಕ ಅದೇ ಹೆಂಗಸು, ಅದೇ ದಿಂಬು. ಅದು ತನಗೆ ಚೆನ್ನಾಗಿ ಒಗ್ಗಿದೆಯೆಂದು ಅದರ ತುದಿಗೆ ಕೆಂಪು ದಾರ ಕಟ್ಟಿಕೊಂಡಿದ್ದಳು.

"ಅಮ್ಮ, ಸ್ವಲ್ಪ ಏಳಿ" ಎಂದ ದಿಂಬಣ್ಣ. "ನಿಧಾನಕ್ಕೆ. ಪಕ್ಕಕ್ಕೆ ತಿರುಗಿ, ಕೈ ಊರಿ ಏಳಿ. ಅದರಲ್ಲಿ ನನ್ನ ಸೂಜಿ ಇದೆ ಅನ್ಸುತ್ತೆ."

ಸ್ಪೀಕರ್ ಅಯಸ್ಕಾಂತವನ್ನು ದಿಂಬಿನ ಮೇಲೆ ಒಂದು ತುದಿಯಿಂದ ಎಳೆಯುತ್ತ ಬಂದ. ನಟ್ಟನಡುವೆ ಟಕ್ ಎಂದಿತು. ಬಟ್ಟೆಯನ್ನು ಒಳಗಿಂದ ಸೀಳಿಕೊಂಡು ದಬ್ಬಳದ ಮೊನೆ ಹೊರಗೆ ಬಂತು. ಅವಳ ಸೊಂಟ ಒರಗಿದ್ದ ಜಾಗ.

ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. "ಅವತ್ತು ಬಂದು ನಿಂತಿದ್ರಲ್ಲ, ಆಗಲೇ ಗೊತ್ತಿತ್ತಾ?"

"ಅನುಮಾನ ಇತ್ತಮ್ಮ."

"ಮತ್ತೆ ಮಲಕ್ಕೊಳ್ಳಿ ಅಂದ್ರಿ."

"ಅಂದೆ."

ಅವಳು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಕೆಂಪು ದಾರ ಬಿಚ್ಚಿಕೊಂಡು, ಗೋಡೆ ಹಿಡಿದು ಎದ್ದು, ಆಚೆ ಮೂಲೆಗೆ ಹೋಗಿ ಬರಿನೆಲದ ಮೇಲೆ ಕೂತಳು.

ಕೆಳಗೆ ಬಂದ ಮೇಲೆ ದಿಂಬಣ್ಣ ದಬ್ಬಳಕ್ಕಾಗಿ ಕೈ ನೀಡಿದ. ಸ್ಪೀಕರ್ ಕೊಡಲಿಲ್ಲ. ಅಯಸ್ಕಾಂತವನ್ನು ವ್ಯಾನಿನ ಸ್ಟಿಯರಿಂಗ್ ಪಕ್ಕದ ತಗಡಿಗೆ ಅಂಟಿಸಿ, ಅದಕ್ಕೆ ದಬ್ಬಳ ತಾಗಿಸಿಟ್ಟ.

"ಇದು ಇಲ್ಲೇ ಇರ್ಲಿ. ನೋಡ್ಬೇಕು ಅನ್ಸಿದ್ರೆ ಬಾ. ಬರೋವಾಗ ನೆಪ ತರ್ಬೇಡ."

ದಿಂಬಣ್ಣ ತಿಂಗಳಿಗೊಮ್ಮೆ ಹೋಗುತ್ತಾನೆ. ಹೋಗುವಾಗ ಏನೂ ಒಯ್ಯುವುದಿಲ್ಲ. ಉಳಿದ ದಿನಗಳಲ್ಲಿ ಸಂಜೆ ಡಬ್ಬಿ ತೆರೆದು ಎಣಿಸುತ್ತಾನೆ. ಹನ್ನೊಂದಕ್ಕೆ ಬಂದು ನಿಂತಾಗ ಡಬ್ಬಿಯ ತಳವನ್ನು ಇನ್ನೊಮ್ಮೆ ತಡಕುತ್ತಾನೆ. ಹನ್ನೆರಡನೆಯದು ಎಲ್ಲಿದೆಯೆಂದು ನೆನಪಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಾನೆ, ಕಿಟಕಿಯ ಪಕ್ಕ ಮಲಗಿದ್ದವಳ ಆ ನಗುವನ್ನು ಕಣ್ಣ ಮುಂದೆ ತಂದುಕೊಂಡು.