ಕೊನೆಯ ಮಗುವಿನ ಅಂಕ

ಶಿಕ್ಷಣ ಕಚೇರಿಯ ಎದುರಿಗಿರುವ ಆ ಜೆರಾಕ್ಸ್ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ಒಂದು ಯಂತ್ರ, ಒಂದು ಮೇಜು, ಯಾರೂ ಜೇಬಿಗಿಳಿಸದಂತೆ ದಾರ ಕಟ್ಟಿದ ಪೆನ್ನು, ಅಷ್ಟೇ. ಯಜಮಾನಿಯನ್ನು ಊರಿಗೆ ಊರೇ ಕಟಾಫ್ ಅಕ್ಕ ಎನ್ನುತ್ತದೆ. ಹೆತ್ತವರಿಟ್ಟ ಹೆಸರೇನು ಎಂದು ಕೇಳಿದರೆ ಪಕ್ಕದ ಅಂಗಡಿಯವನೂ ತಲೆ ಕೆರೆದುಕೊಳ್ಳುತ್ತಾನೆ.

ಆ ಊರಿನಲ್ಲಿ ಪರೀಕ್ಷೆ ಬರೆದು ಸೇರಬೇಕಾದ ಸರ್ಕಾರಿ ಪ್ರೌಢಶಾಲೆಗಳು ನಾಲ್ಕು. ಪರೀಕ್ಷೆ ನಾಲ್ಕಕ್ಕೂ ಒಂದೇ. ಅಂಕ ಬಂದ ಮೇಲೆ ಯಾವ ಶಾಲೆ ಮೊದಲು, ಯಾವುದು ಆಮೇಲೆ ಎಂದು ಫಾರಂ ತುಂಬಿ ಕೊಡಬೇಕು. ಆ ವಾರ ಅಕ್ಕನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನಾಲ್ಕೂ ಶಾಲೆಗಳ ಕಟಾಫನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳಲ್ಲ, ಅದನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಹಳೆಯ ವರ್ಷದ್ದು ಬೇಕಾದರೆ ಕಚೇರಿಯವರೂ ರಸ್ತೆ ದಾಟಿ ಅವಳ ಹತ್ತಿರವೇ ಬರುತ್ತಾರೆ, ಸುಳ್ಳಲ್ಲ. ಅಕ್ಕನ ಸಲಹೆ ಪುಕ್ಕಟೆ. ಜೊತೆಗೆ ಸಿಗುವ ಬೈಗುಳವೂ ಪುಕ್ಕಟೆ.

ಈ ವರ್ಷ ಕೊನೆಯ ದಿನ ನಾಲ್ಕು ಗಂಟೆಗೆ ಒಬ್ಬ ಬಸ್ ಡ್ರೈವರು ಖಾಕಿ ಬಟ್ಟೆಯಲ್ಲೇ ಮಗಳನ್ನು ಕರೆದುಕೊಂಡು ಬಂದ. ಐದಕ್ಕೆ ಕಚೇರಿಯ ಕಿಟಕಿ ಮುಚ್ಚುತ್ತದೆ. ತುಂಬಿದ ಫಾರಮ್ಮಿನ ಒಂದು ಕಾಪಿ ಬೇಕಿತ್ತು, ಅಷ್ಟೇ. ಆದರೆ ಎದುರಿಗೆ ಬಂದ ಹಾಳೆಯನ್ನು ಓದದೆ ಯಂತ್ರಕ್ಕಿಡುವ ಅಭ್ಯಾಸ ಅಕ್ಕನಿಗಿಲ್ಲ. ಮಗುವಿನ ಅಂಕ ನಾನೂರ ಹನ್ನೆರಡು. ಮೊದಲ ಆಯ್ಕೆ ಮನೆ ಹತ್ತಿರದ ಶಾಲೆ. ನಾಲ್ಕರಲ್ಲಿ ಎಲ್ಲರೂ ಬಯಸುವ ದೊಡ್ಡ ಶಾಲೆಯ ಹೆಸರೇ ಇಲ್ಲ.

ಹುಡುಗಿಗೆ ಎಲ್ಲಿ ಓದುವ ಆಸೆ ಎಂದು ಅಕ್ಕ ಅವಳನ್ನೇ ಕೇಳಿದಳು. ಹುಡುಗಿ ಅಪ್ಪನ ಮುಖ ನೋಡಿ ತಲೆ ತಗ್ಗಿಸಿದಳು. ಮನೆಯಲ್ಲಿ ಕೆಟ್ಟು ಕೂತಿದ್ದ ಫ್ಯಾನನ್ನು ತಾನೇ ಬಿಚ್ಚಿ ಮತ್ತೆ ತಿರುಗುವಂತೆ ಮಾಡಿದ್ದಳಂತೆ. ದೊಡ್ಡ ಶಾಲೆಯ ವರ್ಕ್‌ಶಾಪಿನ ಬಾಗಿಲಲ್ಲಿ ಒಮ್ಮೆ ಅರ್ಧ ಗಂಟೆ ನಿಂತು ನೋಡಿದ್ದಳಂತೆ. ಅದನ್ನೂ ಹೇಳಿದವನು ಅಪ್ಪನೇ, ಪಾಪ. ಆಸೆ ಅವನಿಗೂ ಇತ್ತು. ಆದರೆ ಹೋದ ವರ್ಷ ಅಲ್ಲಿಯ ಕಟಾಫ್ ನಾನೂರ ಹದಿನೆಂಟು. ಅದನ್ನು ಮೊದಲು ಬರೆದು ಸಿಗದೇ ಹೋದರೆ, ಎರಡನೆಯದಾಗಿ ಬರೆದ ಶಾಲೆಯೂ ಕೈತಪ್ಪುತ್ತದೆ ಎಂದು ಡಿಪೋದಲ್ಲಿ ಯಾರೋ ಅವನ ತಲೆಗೆ ತುಂಬಿದ್ದರು.

ಅಕ್ಕನಿಗೆ ರೇಗಿತು. ವರ್ಷ ವರ್ಷವೂ ಅದೇ ಕಥೆ! ಸೀಟು ಕೊಡುವುದು ಅಂಕದ ಮೇಲೆ, ಹತ್ತಿರದ ಶಾಲೆಯಲ್ಲೂ ಅಷ್ಟೇ. ಅದನ್ನೇ ಮೊದಲು ಬರೆದ ಕಡಿಮೆ ಅಂಕದವರು ಈ ಹುಡುಗಿಯ ಮುಂದೆ ನುಗ್ಗಲಾರರು.

"ಅಣ್ಣ, ನೀವು ಬಸ್ ಓಡಿಸೋರು. ನಿಮಗಿಂತ ಮುಂದೆ ಹೋದ ಬಸ್ಸಿಗೆ ಮೊದಲು ಕೈ ಮಾಡಿದ್ರು ಅಂತ ನಿಮ್ಮ ಬಸ್ಸಿಂದ ಯಾರನ್ನಾದ್ರೂ ಇಳಿಸಿದ್ದೀರಾ?"

ಡ್ರೈವರು ನಕ್ಕ. ಆದರೂ ಫಾರಂ ಬದಲಿಸಲು ಕೈ ಮುಂದೆ ಬರಲಿಲ್ಲ. ಕಟಾಫ್ ಅಂದರೆ ಮೇಲಿನವರು ಕೂತು ನಿರ್ಧರಿಸುವ ಗೆರೆ, ಅದನ್ನು ದಾಟುವ ಯೋಗ್ಯತೆ ನಿಮಗಿಲ್ಲ ಎಂದು ತಾವೇ ಹೋಗಿ ಯಾಕೆ ಹೇಳಿಸಿಕೊಳ್ಳಬೇಕು ಎಂದ. ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

ಆಗ ಅಕ್ಕ ಎಂದೂ ಮಾಡದ ಕೆಲಸ ಮಾಡಿದಳು. ನೋಟ್‌ಬುಕ್ಕಿನ ಯಾರಿಗೂ ತೋರಿಸದ ಮೊದಲ ಪುಟ ತೆರೆದು ಹುಡುಗಿಯ ಮುಂದಿಟ್ಟಳು. ಪುಟದಲ್ಲಿ ಇದ್ದದ್ದು ಒಂದೇ ಸಾಲು. ಬಹಳ ಹಳೆಯ ಇಸವಿ, ದೊಡ್ಡ ಶಾಲೆಯ ಕಟಾಫ್ ಮುನ್ನೂರ ಎಂಬತ್ತು, ಪಕ್ಕದಲ್ಲಿ ಸಣ್ಣದಾಗಿ ಮುನ್ನೂರ ಎಂಬತ್ತಾರು.

"ಇದು ಯಾರ ಅಂಕ?" ಎಂದಳು ಹುಡುಗಿ.

"ನಂದು. ನಮ್ಮಪ್ಪನೂ ನಿಮ್ಮಪ್ಪನ ಹಾಗೇ, ತುಂಬಾ ಒಳ್ಳೆಯವರು. ಅದರ ಹಿಂದಿನ ವರ್ಷ ಕಟಾಫ್ ಮುನ್ನೂರ ತೊಂಬತ್ತಿತ್ತು ಅಂತ ಹೆದರಿ ದೊಡ್ಡ ಶಾಲೆ ಬರೀಲೇ ಇಲ್ಲ." ಅಕ್ಕ ಡ್ರೈವರನ ಕಡೆ ತಿರುಗಿದಳು. "ಗೆರೆ ಯಾರೂ ಎಳೆಯಲ್ಲ ಅಣ್ಣ. ಸೀಟು ಸಿಕ್ಕ ಕೊನೆಯ ಮಗು ತಗೊಂಡ ಅಂಕಾನೇ ಕಟಾಫ್. ಈ ವರ್ಷ ಆ ಮಗು ಯಾರು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ."

ಡ್ರೈವರು ಹಳೆಯ ಫಾರಮ್ಮನ್ನು ಮಡಚಿ ಜೇಬಿಗಿಟ್ಟ. ದಾರ ಕಟ್ಟಿದ ಪೆನ್ನನ್ನು ಎಳೆದುಕೊಂಡು ಒಂದು ಖಾಲಿ ಫಾರಂ ಕೇಳಿದ. ಐದಕ್ಕೆ ಹತ್ತು ನಿಮಿಷವಿದ್ದಾಗ ಹುಡುಗಿ ತುಂಬಿದ ಹೊಸ ಫಾರಂ ಹಿಡಿದು ರಸ್ತೆ ದಾಟಿದಳು.

ಎರಡು ವಾರ ಅಕ್ಕ ಸರಿಯಾಗಿ ಉಣ್ಣಲಿಲ್ಲ. ಪಟ್ಟಿ ಹಾಕಿದ ದಿನ ಅಂಗಡಿಗೆ ಬೀಗ ಹಾಕಿ ಕಚೇರಿಯ ಬೋರ್ಡಿನ ಮುಂದೆ ಜನರ ನಡುವೆ ತೂರಿಕೊಂಡಳು. ಎಲ್ಲರೂ ಮೇಲಿನಿಂದ ಹುಡುಕುತ್ತಾರೆ. ಅಕ್ಕ ಮಾತ್ರ ನೋಡುವುದು ಕಟ್ಟಕಡೆಯ ಸಾಲನ್ನು. ದೊಡ್ಡ ಶಾಲೆಯ ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ನಾನೂರ ಹನ್ನೆರಡು ಎಂದಿತ್ತು. ಹೆಸರು ಆ ಹುಡುಗಿಯದೇ. ಅಕ್ಕನ ಕಣ್ಣು ತುಂಬಿ ಅಕ್ಷರಗಳು ಕಲಸಿಹೋದವು.

ಸಂಜೆ ಅಪ್ಪ ಮಗಳು ಅಂಗಡಿಗೆ ಬಂದರು. ನೋಟ್‌ಬುಕ್ ತೆರೆದು ಅಕ್ಕ ಈ ವರ್ಷದ ಖಾಲಿ ಸಾಲು ತೋರಿಸಿ ಪೆನ್ನನ್ನು ಹುಡುಗಿಯ ಕೈಗೆ ಕೊಟ್ಟಳು. ಇಪ್ಪತ್ತೆರಡು ವರ್ಷಗಳಲ್ಲಿ ಆ ಪುಟಗಳಲ್ಲಿ ಇನ್ನೊಬ್ಬರ ಅಕ್ಷರ ಬಿದ್ದಿರಲಿಲ್ಲ. ಹುಡುಗಿ ನಿಧಾನವಾಗಿ 412 ಎಂದು ಬರೆದಳು. ಬರೆದು, ಅದನ್ನೇ ನೋಡುತ್ತಾ ನಿಂತಳು.

"ಅಕ್ಕಾ, ಮುಂದಿನ ವರ್ಷ ಇದನ್ನ ನೋಡಿ ಯಾರಾದ್ರೂ ಹೆದರಿಕೊಂಡ್ರೆ?"

"ಹೆದರಿದವರನ್ನ ನಿನ್ನ ಹತ್ರ ಕಳಿಸ್ತೀನಿ ಪುಟ್ಟಿ," ಎಂದಳು ಅಕ್ಕ.