ಗೋಕಾಕದ ಬಾಡಿಗೆ ಮನೆ, ರೇಡಿಯೊದಲ್ಲೊಂದು ಪ್ರಶ್ನೆ

ಗೋಕಾಕಕ್ಕೆ ಬಂದ ಮೊದಲ ಸಂಜೆ, ಮನೆಯ ಮಾಲಕಿ ಶಾಂತಕ್ಕ ಬಿಸಿ ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ತಮ್ಮ ಕೈಯಿಂದಲೇ ನನ್ನ ಬಾಯಿಗಿಟ್ಟರು. ನಾನು ಬೆಚ್ಚಿ ಹಿಂದೆ ಸರಿದೆ. ಚಾಮರಾಜನಗರ ಕಡೆಯ ನಮ್ಮೂರಿನಲ್ಲಿ ಕೇರಿಯಾಚೆಯ ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ.

“ನಾಚಬ್ಯಾಡ ಮಗಳ, ತಿನ್ನ,” ಎಂದರು.

ಇಲ್ಲಿನ ರೇಡಿಯೊ ಕೇಂದ್ರವೊಂದರಲ್ಲಿ ಸಂದರ್ಶನ ಮಾಡುವ ಕೆಲಸಕ್ಕೆ ಬಂದವಳು ನಾನು. ಶಾಂತಕ್ಕನ ಮನೆಯ ಮೇಲಿನ ಕೋಣೆ ನನ್ನದಾಯಿತು. ಮುದ್ದೆ ನುಂಗಿ ಬೆಳೆದವಳು ರೊಟ್ಟಿ ಅಗಿಯಲು ಕಲಿತೆ, ಆಮೇಲೆ ಬಡಿಯಲೂ ಕಲಿತೆ. ನಮ್ಮ ಕಡೆ ‘ಖರೆ’ ಎಂಬ ಮಾತಿಲ್ಲ. ಇಲ್ಲಿ ಅದಕ್ಕೆ ‘ನಿಜ’ ಎಂದೂ ಅರ್ಥ, ‘ಆದರೆ’ ಎಂದೂ ಅರ್ಥ. ಮೂಡಲಗಿಯ ಕುರಿಗಾರರು, ಅರಭಾವಿಯ ವಿದ್ಯಾರ್ಥಿಗಳು, ನಾಟಕದವರು, ಎಲ್ಲರನ್ನೂ ಮಾತಾಡಿಸಿದೆ. ಪ್ರತಿ ಕಾರ್ಯಕ್ರಮವನ್ನೂ ಶಾಂತಕ್ಕ ಅಡುಗೆಮನೆಯಲ್ಲಿ ಕೇಳುತ್ತಿದ್ದರು. ಊರಿನಲ್ಲಿ ನಾನು ಹುಟ್ಟಿದಾಗಲೇ ನನ್ನ ಜಾತಿ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಯಾರೂ ಕೇಳಲಿಲ್ಲ. ಕೇಳದಿರುವುದನ್ನೇ ಪ್ರೀತಿ ಎಂದುಕೊಂಡೆ.

ಒಂದು ದಿನ ಕಣಗಲಾ ಕಡೆಯ ನರ್ಸ್ ಸುಜಾತಾ ನೇರಪ್ರಸಾರಕ್ಕೆ ಬಂದರು. ಹೊಲದ ಕೂಲಿ ಮಾಡುವ ದಲಿತ ಬೌದ್ಧ ಕುಟುಂಬದಲ್ಲಿ ಹುಟ್ಟಿ, ಓದಿ, ಕೆಲಸ ಹಿಡಿದವರು. ಮಾತಿನ ನಡುವೆ ಅವರೇ ನನ್ನನ್ನು ಕೇಳಿದರು, “ನಿಮ್ಮ ಕಡೆ ನಮ್ಮ ಮಂದಿ ಹ್ಯಾಂಗ ಅದಾರ್ರಿ?”

“ಕಷ್ಟದಲ್ಲೇ ಇದ್ದೇವೆ. ನಾನೂ ಅಂಥದೇ ಕೇರಿಯವಳು,” ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು.

ಮನೆಗೆ ಬಂದಾಗ ನಾನು ಉಣ್ಣುತ್ತಿದ್ದ ತಾಟು, ನೀರು ಕುಡಿಯುತ್ತಿದ್ದ ಲೋಟ, ಹಿಟ್ಟು ನಾದುತ್ತಿದ್ದ ಪರಾತ ಎಲ್ಲವೂ ಹೊರಗೆ ಮೋರಿಯ ಪಕ್ಕದಲ್ಲಿದ್ದವು. ಶಾಂತಕ್ಕ ಹೊಸ್ತಿಲ ಒಳಗೇ ನಿಂತು ಅಳುತ್ತಿದ್ದರು.

“ಭಾಳ ಚಂದ ಮಾತಾಡಿದಿ ಮಗಳ. ಆ ನರ್ಸಬಾಯಿ ಕತಿ ಕೇಳಿ ಕಣ್ಣಾಗ ನೀರ ಬಂತು. ಖರೆ ನಮ್ಮ ಮನ್ಯಾಗ ದೇವರ ಅದಾನ. ನಾಳೆ ಖೋಲಿ ಖಾಲಿ ಮಾಡ. ಈ ಭಾಂಡೆ ನೀನ ಒಯ್ಯಿ.”

ಸುಜಾತಾ ಹುಕ್ಕೇರಿಯ ತಮ್ಮ ಮನೆಯಲ್ಲಿ ಜಾಗ ಕೊಟ್ಟರು. ಅಲ್ಲಿಂದ ಬಸ್ಸಿನಲ್ಲಿ ಕೆಲಸಕ್ಕೆ ಓಡಾಡತೊಡಗಿದೆ.

ಕೆಲವು ವಾರಗಳ ಮೇಲೆ ನಮ್ಮ ಮುಖ್ಯಸ್ಥರು ಸೌಹಾರ್ದದ ಕುರಿತ ಕಾರ್ಯಕ್ರಮಕ್ಕೆ ಮಹಿಳಾ ಮಂಡಳದ ಅಧ್ಯಕ್ಷೆಯನ್ನು ಕರೆಸಿದರು. ಬಂದವರು ಶಾಂತಕ್ಕ. ನಡೆದದ್ದನ್ನೆಲ್ಲ ಮುಖ್ಯಸ್ಥರಿಗೆ ಮೊದಲೇ ಹೇಳಿದ್ದೆ. “ಮನಿ ಮಾತು ಮನ್ಯಾಗ ಇರಲಿ. ಮೈಕ್ ಮುಂದ ತರಬ್ಯಾಡ್ರಿ,” ಎಂದರು ಮುಖ್ಯಸ್ಥರು.

ಆದರೂ ನಾನು ತಂದೇಬಿಟ್ಟೆ. “ಮನೆ ಬಾಡಿಗೆಗೆ ಕೊಡುವಾಗ ಏನು ನೋಡುತ್ತೀರಿ?”

“ಗುಣ ನೋಡ್ತೇವ್ರಿ. ಮೊನ್ನಿತನಕ ದೂರದ ಹುಡುಗಿ ಒಬ್ಬಾಕಿ ಇದ್ಲು. ಮಗಳಂಗ ನೋಡ್ಕೊಂಡ್ವಿ.”

“ಯಾಕೆ ಬಿಟ್ಟು ಹೋದಳು?”

ಗಾಜಿನಾಚೆ ಮುಖ್ಯಸ್ಥರು ಕೈಯೆತ್ತಿದರು. ಶಾಂತಕ್ಕ ನನ್ನ ಕಣ್ಣಲ್ಲಿ ಕಣ್ಣಿಟ್ಟು ನಕ್ಕರು. “ಪಾಪ, ಆಕಿಗೆ ನಮ್ಮ ಊಟ ಒಗ್ಗಲಿಲ್ರಿ.”

ಕೊನೆಗೆ ಅವರಿಗೆ ವಂದನೆ ಹೇಳಬೇಕಾದವಳು ನಾನೇ. ಹೇಳಿದೆ. ಸಂಜೆಯವರೆಗೂ ಕೇಳುಗರ ಕರೆಗಳು ಬಂದವು. ಇಂಥ ತಾಯಿ ಊರಿಗೊಬ್ಬರು ಇರಬೇಕಂತೆ. ಮರುದಿನದಿಂದ ನನಗೆ ಪೇಟೆ ಧಾರಣೆ ಓದುವ ಕೆಲಸ ಕೊಟ್ಟರು. ಇನ್ನು ಯಾರನ್ನೂ ಏನನ್ನೂ ಕೇಳುವಂತಿಲ್ಲ.

ಆ ಭಾನುವಾರ ಊರಿಗೆ ಫೋನು ಮಾಡಿ ಅವ್ವನಿಗೆ ಎಲ್ಲ ಹೇಳಿಕೊಂಡೆ.

“ಬಂದ್ಬುಡು ಕಣವ್ವ,” ಎಂದಳು. “ಇಲ್ಲಾದ್ರೆ ಯಾರ್ ಮನೆ ಬಾಗ್ಲಿಗೆ ಹೋಗ್ಬಾರ್ದು ಅಂತ ಮೊದ್ಲೇ ಗೊತ್ತದೆ.”

“ಬರಾಂಗಿಲ್ಲವ್ವಾ. ಇಲ್ಲೇ ಇರ್ತೇನಿ.”

ನನಗೇ ತಿಳಿಯದಂತೆ ಬಾಯಿಂದ ಗೋಕಾಕದ ಮಾತು ಬಂದಿತ್ತು. ಅವ್ವ ಅಂಜುತ್ತ ಕೇಳಿದಳು, “ಯಾರವ್ವ ಮಾತಾಡ್ತಿರೋದು?”