ಚಿಪ್ಪಿಗೆ ಬಿದ್ದ ಏಟು

ಹರಿದ ಬ್ಯಾಗು ಹೊಲಿಯುವ ಅವಳನ್ನು ಬೀದಿಯವರೆಲ್ಲ ಜಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಎದುರು, ಮೆಟ್ಟಿಲಿನ ಕೆಳಗೆ ಅವಳ ಅಂಗಡಿ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಕೈಗೆ ಬಿಡುವು ಸಿಕ್ಕೀತು, ಬಾಯಿಗಿಲ್ಲ. “ಹಿಂಗೆ ತುರುಕಿದ್ರೆ ಜಿಪ್ಪೇನು, ಮನೆ ಬಾಗಿಲೂ ಕಿತ್ಕೊಂಡು ಬರುತ್ತೆ” ಎಂದು ಗದರಿಸುತ್ತಲೇ ಹೊಲಿಗೆ ಹಾಕುವಳು. ಹೊಲಿಗೆ ಗಟ್ಟಿಯಾದ್ದರಿಂದ ಗಿರಾಕಿಗಳು ಬೈಸಿಕೊಂಡೂ ಬರುತ್ತಿದ್ದರು.

ಅಂಥ ಬಾಯಿ ಒಂದು ವಾರದಿಂದ ಬಂದ್ ಆಗಿತ್ತು. ತಂಗಿ ಉಟ್ಟ ಬಟ್ಟೆಯಲ್ಲೇ ಗಂಡನ ಮನೆಯಿಂದ ಓಡಿಬಂದು ಅಂಗಡಿಯ ಹಿಂದಿನ ಕೋಣೆ ಸೇರಿದ್ದಳು. ಹಿಂದೆ ಎರಡು ಸಲ ಓಡಿದಾಗಲೂ ಅವನು ಅವಳ ಫೋನಿನ ಜಾಡು ಹಿಡಿದು ಬಂದು ಎಳೆದೊಯ್ದಿದ್ದ. ಇನ್ನೊಮ್ಮೆ ಓಡಿದರೆ ಜೀವಸಹಿತ ಬಿಡುವುದಿಲ್ಲ ಎಂದಿದ್ದ; ಆಡಿದ್ದನ್ನು ಮಾಡಿ ತೋರಿಸುವ ಆಸಾಮಿ. ಈ ಸಲ ಫೋನನ್ನು ಚರಂಡಿಗೆ ಎಸೆದು, ಅವನ ಬೀರುವಿನಿಂದ ತನ್ನ ಪಾಸ್‌ಪೋರ್ಟನ್ನು ಎತ್ತಿಕೊಂಡು ಬಂದಿದ್ದಳು. ಪರದೇಶದಲ್ಲಿ ಗೆಳತಿಯೊಬ್ಬಳು ಕೆಲಸ ಗೊತ್ತುಮಾಡಿದ್ದಳು, ವೀಸಾ ಟಿಕೆಟ್ ಎಲ್ಲ ಆನ್‌ಲೈನಿನಲ್ಲೇ ಆಗಿತ್ತು.

“ಅಕ್ಕ, ಇದರ ರಟ್ಟಿನೊಳಗೆ ಚಿಪ್ ಇದೆಯಂತೆ. ನೀನು ಯಾವ ಮೂಲೆಗೆ ಹೋದ್ರೂ ನನ್ನ ಫೋನಲ್ಲಿ ಕಾಣ್ತೀಯ ಅಂತ ಅವರು ಹೇಳೋರು.”

“ಕತ್ತು ಹಿಸುಕಿದವನಿಗೆ ಇನ್ನೂ ಅವರು ಇವರು ಅಂತೀಯಲ್ಲೇ!” ಎಂದಳು ಜಿಪ್ಪಕ್ಕ. ಆದರೆ ಮಾತು ಎದೆಗೆ ನಾಟಿತ್ತು. ದಪ್ಪ ಹೊಲಿಗೆಯ ಮೇಲೆ ಬಟ್ಟೆ ಮುಚ್ಚಿ, ಚರ್ಮಕ್ಕೆ ಗುರುತು ಬೀಳದಂತೆ ಸುತ್ತಿಗೆಯಿಂದ ಬಡಿದು ಮಟ್ಟಮಾಡುವುದು ಅವಳ ನಿತ್ಯದ ಕೆಲಸ. ತಂಗಿ ಸ್ನಾನಕ್ಕೆ ಹೋದಾಗ ಪಾಸ್‌ಪೋರ್ಟಿಗೂ ಅದೇ ಉಪಚಾರ ಮಾಡಿದಳು. ಒಳಗೇನೋ ಚಿಟ್ಟೆಂದಿತು. ಹುಡುಗಿ ಗಾಬರಿಯಾದಾಳೆಂದು ಏನೂ ಹೇಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ತಂಗಿ ಕೈಬೀಸಿ ಗಾಜಿನ ಬಾಗಿಲು ದಾಟಿದಳು. ಹೊರಗೆ ಬೆಂಚಿನ ಮೇಲೆ ಜಿಪ್ಪಕ್ಕ ಇನ್ನೂ ಉಸಿರು ಬಿಟ್ಟಿರಲಿಲ್ಲ, ಸಮವಸ್ತ್ರದ ಅಧಿಕಾರಿಣಿಯೊಬ್ಬಳು ಅವಳನ್ನು ಹುಡುಕಿಕೊಂಡು ಬಂದಳು.

“ನಿಮ್ಮ ತಂಗೀನ ತಡೆದಿದ್ದೀವಿ. ಪಾಸ್‌ಪೋರ್ಟ್ ಚಿಪ್ ಸತ್ತಿದೆ, ಯಂತ್ರ ಓದ್ತಿಲ್ಲ. ನಕಲಿ ಇರಬಹುದು ಅಂತ ನಮ್ಮವರಿಗೆ ಅನುಮಾನ.”

ಜಿಪ್ಪಕ್ಕ ಅವಳ ಕೈ ಹಿಡಿದುಕೊಂಡಳು. “ನಾನೇ ಕಣಮ್ಮ, ಸುತ್ತಿಗೇಲಿ ಹೊಡೆದೆ. ಅದರಿಂದ ಅವನಿಗೆ ಇವಳು ಸಿಕ್ಕಿಬೀಳ್ತಾಳೆ ಅಂತ...” ಎಂದು ಎಲ್ಲ ಬಡಬಡಿಸಿದಳು.

ಅಧಿಕಾರಿಣಿ ಹಣೆ ಒತ್ತಿಕೊಂಡಳು. “ಅದರಲ್ಲಿ ಹೆಸರು, ಫೋಟೋ ಇರುತ್ತೆ ಅಷ್ಟೆ. ಯಂತ್ರಕ್ಕೆ ತಾಗಿಸಿ ಹಿಡಿದ್ರೆ ಮಾತ್ರ ಓದೋಕಾಗೋದು. ಎಲ್ಲಿದ್ದಾಳೆ ಅಂತ ಅದು ಯಾರಿಗೂ ಹೇಳಲ್ಲ. ಆದ್ರೆ ಗುರುತು ಖಾತ್ರಿ ಮಾಡ್ಕೊಳ್ಳೋಕೆ ಪಾಸ್‌ಪೋರ್ಟ್ ಅರ್ಜೀಲಿದ್ದ ನಂಬರಿಗೆ ನಮ್ಮವರು ಫೋನ್ ಮಾಡಿಬಿಟ್ಟಿದ್ದಾರೆ.”

ಅರ್ಜಿ ತುಂಬಿದ್ದವನು ತಂಗಿಯ ಗಂಡ. ಚಿಪ್ಪು ಬಾಯಿ ಬಿಡಲಿಲ್ಲ, ಅದರ ಬಾಯಿ ಮುಚ್ಚಿಸಿದ್ದಕ್ಕೆ ಮನುಷ್ಯರು ಬಿಟ್ಟರು.

“ಬರ್ತಿದ್ದಾನಾ?”

“ಹೊರಟಿದ್ದಾನೆ. ನೋಡಿ, ಚಿಪ್ ಸತ್ತರೂ ಪಾಸ್‌ಪೋರ್ಟ್ ನಡೆಯುತ್ತೆ. ಪುಟ, ಬೆರಳಚ್ಚು ಪರೀಕ್ಷೆ ಮಾಡಿ ಕಳಿಸ್ತೀವಿ. ಅಷ್ಟರಲ್ಲಿ ಅವನು ಬಂದು ಕಳ್ಳತನ ಗಿಳ್ಳತನ ಅಂತ ದೂರು ಕೊಟ್ರೆ ಮಾತ್ರ ನನ್ನ ಕೈಯಲ್ಲಿ ಏನೂ ಇರಲ್ಲ. ನಾನು ಮತ್ತೆ ಬರದಿದ್ರೆ ಅವಳು ವಿಮಾನ ಹತ್ತಿದ್ಳು ಅಂತ ತಿಳ್ಕೊಳ್ಳಿ.” ಅವಳು ಬೇಗ ಬೇಗ ಒಳಗೆ ಹೋದಳು.

ಜಿಪ್ಪಕ್ಕ ತನ್ನ ಕೈಯನ್ನೇ ಶಪಿಸಿಕೊಂಡಳು. ಕಾಪಾಡಲು ಹೋಗಿ ತಂಗಿಯನ್ನು ಅವನ ಬಾಯಿಗೆ ಕೊಟ್ಟೆನಲ್ಲ! ಅಷ್ಟರಲ್ಲಿ ಅವನು ಬಂದೇಬಿಟ್ಟ. ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಮದುವೆಮನೆಗೆ ಬಂದವನ ಹಾಗೆ.

“ಎಲ್ಲಿ ಅವಳು? ಒಡವೆ ಕದ್ದು ಓಡಿದ್ದಾಳೆ, ಈಗಲೇ ದೂರು ಕೊಡ್ತೀನಿ.”

ಜಿಪ್ಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಸೋತ ದನಿಯಲ್ಲಿ ಹೇಳಿದಳು: “ಕೊಡಿ ಬೇಕಾದ್ರೆ. ಪಾಸ್‌ಪೋರ್ಟ್ ಕೆಟ್ಟಿದೆ ಅಂತ ಒಳಗೆ ಕೂರಿಸಿದ್ದಾರೆ, ವಿಮಾನ ಅಂತೂ ಹತ್ತಿಸಲ್ಲ. ನೀವು ದೂರು ಕೊಟ್ರೆ ಪೊಲೀಸರು ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತಾರೆ. ಸುಮ್ಮನಿದ್ರೆ ಇದೇ ಬಾಗಿಲಿಂದ ಆಚೆ ಬಿಡ್ತಾರಂತೆ. ಕರ್ಕೊಂಡು ಹೋಗಿ, ನನಗೂ ಸಾಕಾಗಿದೆ.”

ಅವನು ಅವಳ ಮುಖವನ್ನೇ ನೋಡಿದ. ಅಲ್ಲಿದ್ದ ಭಯ ಅಪ್ಪಟವಾಗಿತ್ತು. ಅದನ್ನು ಕಂಡೇ ಅವನಿಗೆ ನಂಬಿಕೆ ಬಂತು. “ಈಗ ಬುದ್ಧಿ ಬಂತಾ ಅತ್ತಿಗೆ?” ಎಂದು ನಕ್ಕು, ಎರಡು ಟೀ ತಂದು ಒಂದನ್ನು ಅವಳಿಗೆ ಕೊಟ್ಟು, ಬಾಗಿಲಿಗೆ ಮುಖಮಾಡಿ ಪಕ್ಕದಲ್ಲೇ ಕೂತ.

ಅವಳು ಗುಟುಕು ಗುಟುಕಾಗಿ ಕುಡಿದಳು. ಅವನ ಬೆನ್ನ ಹಿಂದೆ, ಗೋಡೆಯ ಮೇಲಿನ ಫಲಕದಲ್ಲಿ ತಂಗಿಯ ವಿಮಾನದ ಸಾಲು ಮಿನುಗುತ್ತಿತ್ತು. ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಟೀ ಆರಿ ತಣ್ಣಗಾಯಿತು. ಕೊನೆಗೆ ಆ ಸಾಲು ಬದಲಾಯಿತು: ಹೊರಟಿದೆ.

“ಇನ್ನೂ ಎಷ್ಟು ಹೊತ್ತಂತೆ?” ಅವನು ಕೇಳಿದ.

“ಇನ್ನೇನು, ಬಂದುಬಿಡ್ತಾಳೆ” ಎಂದಳು ಜಿಪ್ಪಕ್ಕ.